ನ್ಯಾಯಾಲಯಗಳ ಅನುದಾನ ಮತ್ತು ವಿಪತ್ತಿನ ದುರಸ್ತಿ : ಒಂದು ವಿವೇಚನೆ

ರಾಜ್ಯಕ್ಕೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳೆಂಬ ಮೂರು ಅಂಗಗಳುಂಟೆಂದು ನಾವು ರಾಜ್ಯಶಾಸ್ತ್ರದ ಮೊದಲನೆಯ ಪಾಠಗಳಲ್ಲಿಯೇ ಓದಿರುತ್ತೇವೆ. ಅಧಿಕಾರ ವಿಭಜನೆಯನ್ನು ಕುರಿತು ಮಾಂಟೆಸ್ಕ್ಯೂ ಪಂಡಿತನು ಹೇಳಿದುದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿರುತ್ತೇವೆ. ಆದರೆ ಈ ಮೂರು ಅಂಗಗಳಿಗೂ ಅನ್ನ ಎಲ್ಲಿಂದ ಬರುತ್ತದೆಂಬ ಪ್ರಶ್ನೆಯನ್ನು ತರಗತಿಯಲ್ಲಿ ನಾವು ಅಷ್ಟಾಗಿ ಕೇಳುವುದಿಲ್ಲ. ಶಾಸಕಾಂಗವು ಹಣವನ್ನು ಮಂಜೂರು ಮಾಡುತ್ತದೆ. ಕಾರ್ಯಾಂಗವು ಅದನ್ನು ವೆಚ್ಚ ಮಾಡುತ್ತದೆ. ನ್ಯಾಯಾಂಗವಾದರೋ ತನಗೆ ಬೇಕಾದುದನ್ನು ಈ ಎರಡರಿಂದಲೂ ಕೇಳಿ ಪಡೆಯಬೇಕಾಗಿದೆ. ಸಾಮಾನ್ಯ ದಿನಗಳಲ್ಲಿಯೇ ಇದು ಸುಲಭವಲ್ಲ. ಪ್ರವಾಹ, ಭೂಕಂಪ, ಬಿರುಗಾಳಿಗಳು ಬಂದು ನ್ಯಾಯಾಲಯದ ಕಟ್ಟಡವೇ ಹಾಳಾದಾಗಲಂತೂ ಸಮಸ್ಯೆಯು ಇಮ್ಮಡಿಯಾಗುತ್ತದೆ. ನ್ಯಾಯಾಲಯಗಳಿಗೆ ಅನುದಾನವು ಬರುವ ಹಾದಿ ಯಾವುದು, ವಿಪತ್ತಿನ ತರುವಾಯ ದುರಸ್ತಿಗೆ ಹಣವನ್ನು ಹೊಂದಿಸುವ ಬಗೆ ಹೇಗೆ, ಆ ಹಣವನ್ನು ನಿರ್ವಹಿಸುವ ಕ್ರಮವೇನು ಎಂಬುದನ್ನು ಯಥಾಮತಿ ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ಸಂವಿಧಾನದ ಏರ್ಪಾಡು

ನಮ್ಮ ಸಂವಿಧಾನವು ನ್ಯಾಯಾಂಗದ ಸ್ವಾತಂತ್ರ್ಯವನ್ನು ಕಾಪಾಡಲು ಹಣದ ವಿಷಯದಲ್ಲಿಯೂ ಕೆಲವು ಕಟ್ಟುಪಾಡುಗಳನ್ನು ಮಾಡಿದೆ. 146ನೆಯ ಅನುಚ್ಛೇದದ ಪ್ರಕಾರ ಸರ್ವೋಚ್ಚ ನ್ಯಾಯಾಲಯದ ಆಡಳಿತ ವೆಚ್ಚವು ಭಾರತದ ಸಂಚಿತ ನಿಧಿಯ ಮೇಲಿನ ಪ್ರಭೃತ ವೆಚ್ಚ. 229ನೆಯ ಅನುಚ್ಛೇದದ ಪ್ರಕಾರ ಉಚ್ಚ ನ್ಯಾಯಾಲಯದ ಆಡಳಿತ ವೆಚ್ಚವು ರಾಜ್ಯದ ಸಂಚಿತ ನಿಧಿಯ ಮೇಲಿನ ಪ್ರಭೃತ ವೆಚ್ಚ. ಪ್ರಭೃತ ವೆಚ್ಚವೆಂದರೆ ಶಾಸನಸಭೆಯಲ್ಲಿ ಚರ್ಚಿಸಬಹುದಾದ, ಆದರೆ ಮತಕ್ಕೆ ಹಾಕಲಾಗದ ವೆಚ್ಚ. ತನ್ನ ವಿರುದ್ಧ ತೀರ್ಪು ಬಂದಿತೆಂದು ಮುನಿದು ಯಾವ ಸರ್ಕಾರವೂ ನ್ಯಾಯಾಧೀಶರ ಸಂಬಳಕ್ಕೆ ಕತ್ತರಿ ಹಾಕಬಾರದೆಂಬುದೇ ಇದರ ತಾತ್ಪರ್ಯ.

ಇಷ್ಟು ಓದಿದವರಿಗೆ ಎಲ್ಲವೂ ಸುರಕ್ಷಿತವೆಂದು ತೋರಬಹುದು. ಆದರೆ ಈ ರಕ್ಷಣೆಯು ಮೇಲಿನ ಎರಡು ಹಂತಗಳಿಗೆ ಮಾತ್ರ. ಜಿಲ್ಲಾ ನ್ಯಾಯಾಲಯ, ತಾಲ್ಲೂಕು ಕೇಂದ್ರದ ಸಿವಿಲ್ ನ್ಯಾಯಾಲಯ, ಮ್ಯಾಜಿಸ್ಟ್ರೇಟರ ನ್ಯಾಯಾಲಯ ಇವುಗಳ ವೆಚ್ಚವು ಉಳಿದ ಇಲಾಖೆಗಳಂತೆಯೇ ರಾಜ್ಯದ ಆಯವ್ಯಯದಲ್ಲಿ ಮತಕ್ಕೆ ಬರುವ ವೆಚ್ಚ. 235ನೆಯ ಅನುಚ್ಛೇದವು ಅಧೀನ ನ್ಯಾಯಾಲಯಗಳ ಮೇಲಣ ಹತೋಟಿಯನ್ನು ಉಚ್ಚ ನ್ಯಾಯಾಲಯಕ್ಕೆ ಕೊಟ್ಟಿದೆ, ನಿಜ. ಹಣವಾದರೋ ಸರ್ಕಾರದಿಂದ ಬರಬೇಕು. ಕಟ್ಟಡವನ್ನು ಲೋಕೋಪಯೋಗಿ ಇಲಾಖೆಯು ಕಟ್ಟಿಕೊಡಬೇಕು. ಹತೋಟಿ ಒಬ್ಬರದು, ಹಣ ಇನ್ನೊಬ್ಬರದು, ಕೆಲಸ ಮತ್ತೊಬ್ಬರದು. ಜನಸಾಮಾನ್ಯರು ಜೀವಮಾನದಲ್ಲಿ ಕಾಣುವ ನ್ಯಾಯಾಲಯವು ತಾಲ್ಲೂಕು ಕೇಂದ್ರದ ನ್ಯಾಯಾಲಯವೇ ಹೊರತು ದೆಹಲಿಯದಲ್ಲವೆಂಬುದನ್ನು ನೆನೆದರೆ ಈ ಕೊರತೆಯ ಗಾತ್ರವು ಅರ್ಥವಾದೀತು.

2. ಅನುದಾನವು ಬರುವ ಹಾದಿ

1976ರ 42ನೆಯ ತಿದ್ದುಪಡಿಯಿಂದ ಅಧೀನ ನ್ಯಾಯಾಲಯಗಳ ರಚನೆ ಮತ್ತು ನ್ಯಾಯಾಡಳಿತವು ಸಮವರ್ತಿ ಪಟ್ಟಿಗೆ ಸೇರಿತು. ತರುವಾಯ 1993-94ರಲ್ಲಿ ಕೇಂದ್ರ ಸರ್ಕಾರವು ನ್ಯಾಯಾಂಗದ ಮೂಲಸೌಕರ್ಯಕ್ಕಾಗಿ ಕೇಂದ್ರ ಪುರಸ್ಕೃತ ಯೋಜನೆಯೊಂದನ್ನು ಆರಂಭಿಸಿತು. ನ್ಯಾಯಾಲಯದ ಸಭಾಂಗಣಗಳನ್ನೂ ನ್ಯಾಯಾಧಿಕಾರಿಗಳ ವಸತಿಗೃಹಗಳನ್ನೂ ಕಟ್ಟಿಸುವುದು ಇದರ ಮುಖ್ಯ ಕಾರ್ಯ. ಸಾಮಾನ್ಯ ರಾಜ್ಯಗಳಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40 ಎಂದು ನಿಗದಿಯಾಯಿತು; ಈಶಾನ್ಯದ ಮತ್ತು ಹಿಮಾಲಯದ ರಾಜ್ಯಗಳಿಗೆ 90 ಮತ್ತು 10. 2021ರಲ್ಲಿ ಈ ಯೋಜನೆಯನ್ನು 2026ರವರೆಗೆ ಮುಂದುವರಿಸಿ, ಒಟ್ಟು 9,000 ಕೋಟಿ ರೂಪಾಯಿಗಳ ಗಾತ್ರವನ್ನು ಗೊತ್ತುಮಾಡಿ, ಅದರಲ್ಲಿ 5,307 ಕೋಟಿ ಕೇಂದ್ರದ್ದೆಂದು ನಿರ್ಧರಿಸಲಾಯಿತು. ವಕೀಲರ ಸಭಾಭವನ, ಶೌಚಾಲಯ, ಗಣಕಯಂತ್ರದ ಕೊಠಡಿ ಇವುಗಳನ್ನೂ ಆಗ ಸೇರಿಸಲಾಯಿತು.

ಎರಡನೆಯ ಹಾದಿ ಹಣಕಾಸು ಆಯೋಗದ್ದು. 13ನೆಯ ಹಣಕಾಸು ಆಯೋಗವು 2010ರಿಂದ 2015ರವರೆಗಿನ ಐದು ವರ್ಷಗಳಿಗೆ ನ್ಯಾಯಾಡಳಿತದ ಸುಧಾರಣೆಗೆಂದು 5,000 ಕೋಟಿ ರೂಪಾಯಿಗಳ ಅನುದಾನವನ್ನು ಶಿಫಾರಸು ಮಾಡಿತು. ಬೆಳಗಿನ ಮತ್ತು ಸಂಜೆಯ ನ್ಯಾಯಾಲಯಗಳಿಗೆ 2,500 ಕೋಟಿ, ಹಳೆಯ ಪಾರಂಪರಿಕ ನ್ಯಾಯಾಲಯ ಕಟ್ಟಡಗಳ ರಕ್ಷಣೆಗೆ 450 ಕೋಟಿ, ನ್ಯಾಯಾಲಯ ವ್ಯವಸ್ಥಾಪಕರ ನೇಮಕಕ್ಕೆ 300 ಕೋಟಿ, ಹೀಗೆ ಬೇರೆ ಬೇರೆ ಬಾಬುಗಳನ್ನು ಅದು ವಿಂಗಡಿಸಿತ್ತು. ಮೂರನೆಯದು ಗಣಕೀಕರಣಕ್ಕಾಗಿ ಬಂದ ಇ-ನ್ಯಾಯಾಲಯ ಯೋಜನೆ. 2023ರಲ್ಲಿ ಒಪ್ಪಿಗೆ ಪಡೆದ ಅದರ ಮೂರನೆಯ ಹಂತದ ಗಾತ್ರವು 7,210 ಕೋಟಿ ರೂಪಾಯಿ.

3. ಮಂಜೂರಾತಿ ಬೇರೆ, ವೆಚ್ಚ ಬೇರೆ

ಮೇಲ್ಕಂಡ ಅಂಕಿಗಳನ್ನು ನೋಡಿದವರು ಹಣಕ್ಕೆ ಬರವಿಲ್ಲವೆಂದು ಹೇಳಿಯಾರು. ಆದರೆ 13ನೆಯ ಹಣಕಾಸು ಆಯೋಗದ 5,000 ಕೋಟಿಯಲ್ಲಿ ರಾಜ್ಯಗಳು ಬಳಸಿಕೊಂಡುದು ಸುಮಾರು ಐದನೆಯ ಒಂದು ಪಾಲು ಮಾತ್ರ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಇಲ್ಲಿ ನೆನಪಿಗೆ ಬರುತ್ತದೆ. ಆದರೂ ಪೂಜಾರಿಯನ್ನೇ ಬೈದು ಸುಮ್ಮನಾದರೆ ವಿದ್ಯಾರ್ಥಿಗೆ ಭೂಷಣವಲ್ಲ, ಕಾರಣವನ್ನು ಹುಡುಕಬೇಕು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ತಾಲ್ಲೂಕಿನಲ್ಲಿ 10 ಕೋಟಿ ರೂಪಾಯಿಗಳ ನ್ಯಾಯಾಲಯ ಸಂಕೀರ್ಣವನ್ನು ಕಟ್ಟಬೇಕಾಗಿದೆ ಎನ್ನಿ. ಕೇಂದ್ರವು 6 ಕೋಟಿ ಕೊಡುವುದು. ರಾಜ್ಯವು ತನ್ನ 4 ಕೋಟಿಯನ್ನು ಆಯವ್ಯಯದಲ್ಲಿ ತೋರಿಸಬೇಕು. ಆ ವರ್ಷ ರಾಜ್ಯದಲ್ಲಿ ಬರ ಬಿದ್ದು ಹಣದ ಮುಗ್ಗಟ್ಟಾದರೆ 4 ಕೋಟಿಯು ಹೊರಡದು. ಆಗ ಕೇಂದ್ರದ 6 ಕೋಟಿಯೂ ಕೆಲಸಕ್ಕೆ ಬಾರದು. ಹಣವಿದ್ದರೂ ನಿವೇಶನ ದೊರೆಯಬೇಕು, ನಕ್ಷೆಗೆ ಉಚ್ಚ ನ್ಯಾಯಾಲಯವು ಒಪ್ಪಬೇಕು, ಅಂದಾಜುಪಟ್ಟಿಗೆ ಆಡಳಿತಾತ್ಮಕ ಅನುಮೋದನೆ, ಆಮೇಲೆ ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರು ಆಗಬೇಕು. ಅಷ್ಟರಲ್ಲಿ ಮಾರ್ಚಿ 31 ಬಂದಿರುತ್ತದೆ. ಹಿಂದಿನ ಕಂತಿನ ಹಣವನ್ನು ಉದ್ದೇಶಿತ ಕಾರ್ಯಕ್ಕೇ ವೆಚ್ಚ ಮಾಡಿದೆವೆಂಬ ಬಳಕೆ ಪ್ರಮಾಣಪತ್ರವನ್ನು ಸಲ್ಲಿಸದೆ ಮುಂದಿನ ಕಂತು ಬಾರದು. ಒಂದು ಜಿಲ್ಲೆಯ ಪ್ರಮಾಣಪತ್ರವು ತಡವಾದರೆ ಇಡೀ ರಾಜ್ಯದ ಕಂತು ನಿಂತುಹೋಗಬಹುದು. ಈ ನಿಯಮಗಳು ಅನಾವಶ್ಯಕವೆಂದು ನಾನು ಹೇಳಲಾರೆ. ಪ್ರಜೆಗಳ ತೆರಿಗೆಯ ಹಣಕ್ಕೆ ಲೆಕ್ಕ ಬೇಕೇ ಬೇಕು. ಲೆಕ್ಕವನ್ನು ಬರೆದಿಡುವ ಜನ ನ್ಯಾಯಾಲಯದಲ್ಲಿ ಇಲ್ಲದಿರುವುದೇ ತೊಂದರೆ. ಬೆಳಗಿನಿಂದ ಸಂಜೆಯವರೆಗೆ ಸಾಕ್ಷಿಗಳನ್ನು ವಿಚಾರಿಸುವ ಜಿಲ್ಲಾ ನ್ಯಾಯಾಧೀಶರೇ ರಾತ್ರಿ ಕುಳಿತು ಕಾಂಟ್ರಾಕ್ಟುದಾರನ ಬಿಲ್ಲನ್ನೂ ಪರಿಶೀಲಿಸಬೇಕೆಂದರೆ ಎರಡು ಕೆಲಸಗಳೂ ಕೆಡುತ್ತವೆ.

ಇದರ ಫಲವನ್ನು 2021ರ ಅಕ್ಟೋಬರಿನಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಎನ್. ವಿ. ರಮಣ ಅವರು ಔರಂಗಾಬಾದಿನಲ್ಲಿ ಮಾಡಿದ ಭಾಷಣದಲ್ಲಿ ಅಂಕಿಗಳೊಡನೆ ಮುಂದಿಟ್ಟರು. ಆಗ ದೇಶದ ಅಧೀನ ನ್ಯಾಯಾಂಗಕ್ಕೆ ಮಂಜೂರಾದ ನ್ಯಾಯಾಧಿಕಾರಿಗಳ ಸಂಖ್ಯೆ 24,280. ಇದ್ದ ಸಭಾಂಗಣಗಳು 20,143. ನೂರಕ್ಕೆ 26 ನ್ಯಾಯಾಲಯ ಸಂಕೀರ್ಣಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯವಿರಲಿಲ್ಲ. ಪ್ರತ್ಯೇಕವಾದ ದಾಖಲೆ ಕೊಠಡಿಯಿದ್ದುದು ನೂರಕ್ಕೆ 32ರಲ್ಲಿ ಮಾತ್ರ. ಈ ಕಡೆಯ ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನೀರು ನುಗ್ಗಿದಾಗ ಮೊದಲು ಹಾಳಾಗುವುದು ಕಾಗದವೇ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ನಾನೇ ಮೊದಲು. ನ್ಯಾಯಾಲಯದ ಮೆಟ್ಟಿಲನ್ನು ಮಾತ್ರ ನಮ್ಮ ತಂದೆಯವರು ಅದಕ್ಕೂ ಮುಂಚೆಯೇ ಹತ್ತಿದ್ದರು. ಬದುವಿನ ಒಂದು ಸಣ್ಣ ವ್ಯಾಜ್ಯ. ಒಂದು ಮಳೆಗಾಲದಲ್ಲಿ ಅವರು ಬಸ್ಸಿನ ಖರ್ಚು ಹಾಕಿಕೊಂಡು, ಕೂಲಿಯನ್ನು ಬಿಟ್ಟು ಹೋದಾಗ, ಸೂರು ಸೋರಿ ಕಡತಗಳು ನೆನೆದಿವೆ, ಮುಂದಿನ ತಿಂಗಳು ಬನ್ನಿ ಎಂಬ ಉತ್ತರ ದೊರೆಯಿತು. ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಹಳ್ಳಿಯವರು ಕೋರ್ಟಿನ ವಿಷಯದಲ್ಲಿ ಹೇಳುವುದುಂಟು. ಸೋರುವ ಸೂರಿನ ದುರಸ್ತಿಗೆ ಯಾವ ಬಾಬಿನಿಂದ ಹಣ ಬರಬೇಕೆಂಬ ಪ್ರಶ್ನೆಯು ನನಗೆ ಹುಟ್ಟಿದುದು ಅರ್ಥಶಾಸ್ತ್ರದ ಪುಸ್ತಕದಿಂದಲ್ಲ. ಕೇಂದ್ರ ಪುರಸ್ಕೃತ ಯೋಜನೆಯು ಮುಖ್ಯವಾಗಿ ಹೊಸದನ್ನು ಕಟ್ಟುವುದಕ್ಕೆ. ಕಟ್ಟಿದುದನ್ನು ವರ್ಷವರ್ಷವೂ ಕಾಪಾಡುವ ಹೊಣೆ ರಾಜ್ಯದ ಆಯವ್ಯಯದ್ದು. ಅಲ್ಲಿ ದುರಸ್ತಿಯ ಬಾಬು ಯಾವಾಗಲೂ ಕೃಶವಾದುದು. ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆಯ ಕಲ್ಲು ಉಂಟು. ಹೆಂಚು ಬದಲಾಯಿಸಿದುದಕ್ಕೆ ಯಾರೂ ಕಲ್ಲು ನೆಡಿಸುವುದಿಲ್ಲ.

4. ವಿಪತ್ತು ಬಂದಾಗ

ಹೀಗೆ ಮೊದಲೇ ಬಡಕಲಾಗಿರುವ ಕಟ್ಟಡಕ್ಕೆ ದೊಡ್ಡ ವಿಪತ್ತು ಬಂದೊದಗಿದರೆ ಏನು ಗತಿ? 2014ರ ಸೆಪ್ಟೆಂಬರಿನಲ್ಲಿ ಝೀಲಂ ನದಿಯು ಉಕ್ಕಿ ಶ್ರೀನಗರವು ಮುಳುಗಿದಾಗ ಅಲ್ಲಿನ ಉಚ್ಚ ನ್ಯಾಯಾಲಯದ ಸಂಕೀರ್ಣಕ್ಕೂ ನೀರು ನುಗ್ಗಿ ದಾಖಲೆಗಳು ಹಾಳಾದವು. ನಮ್ಮ ನಾಡಿನಲ್ಲಿಯೂ 2009ರ ಉತ್ತರ ಕರ್ನಾಟಕದ ನೆರೆ, 2018ರ ಕೊಡಗಿನ ಭೂಕುಸಿತ, 2019ರ ಕೃಷ್ಣಾ ಮತ್ತು ಮಲಪ್ರಭಾ ತೀರದ ನೆರೆಗಳನ್ನು ಕಂಡವರು ಇಂಥ ಅಪಾಯವು ಕಾಶ್ಮೀರಕ್ಕೆ ಮಾತ್ರ ಸೇರಿದುದೆಂದು ಹೇಳಲಾರರು.

2005ರ ವಿಪತ್ತು ನಿರ್ವಹಣಾ ಅಧಿನಿಯಮದಂತೆ ಪ್ರತಿ ರಾಜ್ಯದಲ್ಲಿಯೂ ರಾಜ್ಯ ವಿಪತ್ತು ಪರಿಹಾರ ನಿಧಿ ಏರ್ಪಟ್ಟಿದೆ. ಸಾಮಾನ್ಯ ರಾಜ್ಯಗಳಲ್ಲಿ ಇದಕ್ಕೆ ಕೇಂದ್ರದ ಪಾಲು 75, ರಾಜ್ಯದ್ದು 25. ಈ ನಿಧಿಯು ಸಾಲದಾದಾಗ ರಾಷ್ಟ್ರೀಯ ನಿಧಿಯಿಂದ ನೆರವು ಬರುತ್ತದೆ. ಆದರೆ ನಿಧಿಯ ಉದ್ದೇಶವು ತತ್‌ಕ್ಷಣದ ಪರಿಹಾರ. ಸಾರ್ವಜನಿಕ ಆಸ್ತಿಗಳ ತುರ್ತು ದುರಸ್ತಿಗೆಂದು 2015ರಿಂದ 2020ರ ಅವಧಿಯ ನಿಯಮಾವಳಿಯಲ್ಲಿ ಕೊಟ್ಟ ಪಟ್ಟಿಯನ್ನು ನೋಡಿದರೆ ರಸ್ತೆ, ಸೇತುವೆ, ಕುಡಿಯುವ ನೀರು, ನೀರಾವರಿ, ವಿದ್ಯುತ್ತು, ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಪಂಚಾಯಿತಿಗೆ ಸೇರಿದ ಸಮುದಾಯದ ಆಸ್ತಿ ಇವು ಕಾಣುತ್ತವೆ. ನ್ಯಾಯಾಲಯದ ಹೆಸರು ಕಾಣುವುದಿಲ್ಲ. 15ನೆಯ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಒಂದು ಒಳ್ಳೆಯ ಬದಲಾವಣೆಯನ್ನು ತಂದಿತು. ವಿಪತ್ತಿಗೆಂದು ಇಟ್ಟ ಹಣದಲ್ಲಿ ನೂರಕ್ಕೆ 20ನ್ನು ಅಪಾಯವನ್ನು ಮುಂಚಿತವಾಗಿಯೇ ತಗ್ಗಿಸುವ ಕೆಲಸಗಳಿಗೂ, 40ನ್ನು ಪರಿಹಾರಕ್ಕೂ, 30ನ್ನು ಪುನರ್ನಿರ್ಮಾಣಕ್ಕೂ, 10ನ್ನು ಸಿದ್ಧತೆಗೂ ಅದು ವಿಂಗಡಿಸಿತು. ಪುನರ್ನಿರ್ಮಾಣಕ್ಕೆ ಬೇರೆ ಪಾಲು ಇದ್ದರೂ ಸೇತುವೆ ಕೊಚ್ಚಿಹೋದ ಜಿಲ್ಲೆಯಲ್ಲಿ ನ್ಯಾಯಾಲಯದ ಸರದಿಯು ಕೊನೆಯದಾಗುವುದು ಸಹಜ.

ಇದರಲ್ಲಿ ತಪ್ಪೇನೆಂದು ಯಾರಾದರೂ ಕೇಳಬಹುದು. ಹಸಿದವನಿಗೆ ಮೊದಲು ಅನ್ನ, ನೆನೆದವನಿಗೆ ಮೊದಲು ಆಸರೆ. ಕೋರ್ಟು ನಾಲ್ಕು ತಿಂಗಳು ಮುಚ್ಚಿದ್ದರೆ ಮುಳುಗಿಹೋದೀತೇ? ಈ ಆಕ್ಷೇಪಣೆಯು ತಳ್ಳಿಹಾಕತಕ್ಕದ್ದಲ್ಲ. ಇದಕ್ಕೆ ಉತ್ತರವನ್ನು ತರ್ಕದಿಂದ ಹೇಳುವುದಕ್ಕಿಂತ ನಡೆದ ಸಂಗತಿಯಿಂದ ಹೇಳುವುದು ಲೇಸು. ಇಡೀ ನಗರದ ನ್ಯಾಯಾಡಳಿತವು ವಿಪತ್ತಿನಿಂದ ನಿಂತುಹೋಗಿ, ಅದರ ಪರಿಣಾಮಗಳೆಲ್ಲ ಬಹಿರಂಗವಾದ ಪ್ರಸಿದ್ಧ ನಿದರ್ಶನವೊಂದು ಅಮೆರಿಕದಲ್ಲಿ ದೊರೆಯುತ್ತದೆ.

5. ನ್ಯೂ ಆರ್ಲಿಯನ್ಸ್ ನಗರದ ಪಾಠ

2005ರ ಆಗಸ್ಟ್ 29ರಂದು ಕತ್ರೀನಾ ಎಂಬ ಚಂಡಮಾರುತವು ಲೂಯಿಸಿಯಾನ ರಾಜ್ಯದ ತೀರವನ್ನು ಅಪ್ಪಳಿಸಿತು. ಒಡ್ಡುಗಳು ಒಡೆದು ನ್ಯೂ ಆರ್ಲಿಯನ್ಸ್ ನಗರದ ನೂರಕ್ಕೆ 80 ಭಾಗವು ಮುಳುಗಿತು. ನಗರದ ಕ್ರಿಮಿನಲ್ ನ್ಯಾಯಾಲಯದ ನೆಲಮಾಳಿಗೆಯಲ್ಲಿ ಮೊಕದ್ದಮೆಗಳ ಸಾಕ್ಷ್ಯವಸ್ತುಗಳನ್ನು ಇಡಲಾಗಿತ್ತು. ಅಲ್ಲಿಗೆ ನೀರು ತುಂಬಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಬ್ಯಾಟನ್ ರೂಜ್ ನಗರಕ್ಕೆ ತಾತ್ಕಾಲಿಕವಾಗಿ ಸ್ಥಳಾಂತರವಾಯಿತು. ನಗರದ ಸೆರೆಮನೆಯಲ್ಲಿದ್ದ ಆರು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ರಾಜ್ಯದ ಬೇರೆ ಬೇರೆ ಸೆರೆಮನೆಗಳಿಗೆ ಚದುರಿಸಿದರು. ಅವರಲ್ಲಿ ಅನೇಕರು ವಿಚಾರಣೆಯೇ ಆಗದವರು. ಕೆಲವರು ಸಣ್ಣ ಅಪರಾಧಗಳ ಆರೋಪ ಹೊತ್ತವರು. ಕಡತವಿಲ್ಲ, ವಕೀಲರಿಲ್ಲ, ನ್ಯಾಯಾಲಯವಿಲ್ಲ. ಆದುದರಿಂದ ಬಿಡುಗಡೆಯೂ ಇಲ್ಲ. ಅಪರಾಧವು ಸಾಬೀತಾಗಿದ್ದರೂ ಅನುಭವಿಸಬೇಕಾಗಿರದಷ್ಟು ಕಾಲವನ್ನು ಕೆಲವರು ಸೆರೆಯಲ್ಲಿ ಕಳೆದರು.

ಇದಕ್ಕೆ ಹಣಕಾಸಿನ ಕಾರಣವೊಂದಿತ್ತು. ಬಡವರಿಗೆ ಸರ್ಕಾರದ ಪರವಾಗಿ ವಕೀಲರನ್ನು ಒದಗಿಸುವ ಅಲ್ಲಿಯ ಸಂಸ್ಥೆಯು ಬಹುಮಟ್ಟಿಗೆ ವಾಹನ ಸಂಚಾರದ ದಂಡಗಳೊಡನೆ ವಸೂಲಾಗುತ್ತಿದ್ದ ಶುಲ್ಕವನ್ನು ನಂಬಿಕೊಂಡಿತ್ತು. ನಗರವೇ ಬರಿದಾದಾಗ ವಾಹನವೆಲ್ಲಿ, ದಂಡವೆಲ್ಲಿ? ಆದಾಯವು ಬತ್ತಿತು, ಬಹುಪಾಲು ವಕೀಲರನ್ನು ಕೆಲಸದಿಂದ ಬಿಡಿಸಬೇಕಾಯಿತು. ವಕೀಲರಿಲ್ಲದ ಆರೋಪಿಗಳನ್ನು ಸೆರೆಯಲ್ಲಿಡಲಾಗದೆಂದು 2006ರಲ್ಲಿ ನ್ಯಾಯಾಧೀಶ ಆರ್ಥರ್ ಹಂಟರ್ ಅವರು ಎಚ್ಚರಿಕೆ ಕೊಡಬೇಕಾಯಿತು. ಅಗತ್ಯವು ಹೆಚ್ಚಿದಾಗಲೇ ಕುಸಿಯುವ ಆದಾಯದ ಮೇಲೆ ನ್ಯಾಯದಾನವನ್ನು ನಿಲ್ಲಿಸಬಾರದೆಂಬುದು ಇಲ್ಲಿಯ ಮೊದಲನೆಯ ಪಾಠ.

ಎರಡನೆಯ ಪಾಠವು ದುರಸ್ತಿಯ ಹಣದ್ದು. ಅಮೆರಿಕದಲ್ಲಿ 1988ರ ಸ್ಟಾಫರ್ಡ್ ಅಧಿನಿಯಮದ ಮೇರೆಗೆ ಸಾರ್ವಜನಿಕ ಕಟ್ಟಡಗಳ ದುರಸ್ತಿಗೆ ಒಕ್ಕೂಟ ಸರ್ಕಾರವು ನೂರಕ್ಕೆ 75ಕ್ಕೆ ಕಡಿಮೆಯಿಲ್ಲದ ಪಾಲನ್ನು ಕೊಡುತ್ತದೆ. ನ್ಯಾಯಾಲಯಗಳೂ ಸಾರ್ವಜನಿಕ ಕಟ್ಟಡಗಳೇ ಆದುದರಿಂದ ಅವು ಈ ನೆರವಿಗೆ ಅರ್ಹ. ಕತ್ರೀನಾದ ಅಗಾಧತೆಯನ್ನು ಕಂಡು ಲೂಯಿಸಿಯಾನದ ಪಾಲನ್ನು ಮನ್ನಾ ಮಾಡಿ ಪೂರ್ತಿಯಾಗಿಯೇ ಕೊಟ್ಟರು. ಆದರೆ ನೆರವಿನ ಕ್ರಮವು ಸಾಮಾನ್ಯವಾಗಿ ಮರುಪಾವತಿಯದು: ಮೊದಲು ಕೆಲಸ ಮಾಡಿಸಿ, ಬಿಲ್ಲನ್ನು ತೋರಿಸಿ, ಆಮೇಲೆ ಹಣವನ್ನು ಪಡೆಯಬೇಕು. ವಿಪತ್ತಿಗೆ ಮುಂಚೆ ಕಟ್ಟಡವು ಯಾವ ಸ್ಥಿತಿಯಲ್ಲಿತ್ತೆಂದು ತೋರಿಸಬೇಕು. ಹಳೆಯ ನಿರ್ಲಕ್ಷ್ಯದಿಂದಾದ ಹಾಳಿಗೆ ಹಣವಿಲ್ಲ. ವಿಮೆಯಿಂದ ಬಂದುದನ್ನು ಕಳೆಯಬೇಕು. ಒಂದೇ ನಷ್ಟಕ್ಕೆ ಎರಡು ಕಡೆ ಹಣ ಪಡೆಯುವಂತಿಲ್ಲ. ದುರಸ್ತಿಯ ವೆಚ್ಚವು ಹೊಸದಾಗಿ ಕಟ್ಟುವ ವೆಚ್ಚದ ಅರ್ಧವನ್ನು ಮೀರಿದರೆ ಹೊಸದಾಗಿಯೇ ಕಟ್ಟಲು ನೆರವು ಕೇಳಬಹುದು. ದಾಖಲೆಯು ಸರಿಯಾಗಿದ್ದವರಿಗೆ ಹಣ ಬೇಗ ಬರುವುದು. ಕಾಗದವನ್ನು ಕಳೆದುಕೊಂಡವರು ವರ್ಷಗಟ್ಟಲೆ ಕಾಯಬೇಕಾಗುವುದು.

ಇದನ್ನೆಲ್ಲ ನೋಡಿದ ಮೇಲೆ ಹಿಂದಿನ ಆಕ್ಷೇಪಣೆಗೆ ಉತ್ತರವು ತಾನಾಗಿಯೇ ದೊರೆಯುತ್ತದೆ. ವಿಪತ್ತಿನ ದಿನಗಳಲ್ಲಿ ನ್ಯಾಯಾಲಯದ ಕೆಲಸವು ಕಡಮೆಯಾಗುವುದಿಲ್ಲ, ಹೆಚ್ಚುತ್ತದೆ. ಜಾಮೀನು ಕೇಳುವವರು ಇದ್ದೇ ಇರುತ್ತಾರೆ. ಬೆಳೆ ನಷ್ಟದ ಪರಿಹಾರ, ಕುಸಿದ ಮನೆಯ ಒಡೆತನ, ಸತ್ತವರ ವಾರಸುದಾರಿಕೆ, ವಿಮೆಯ ತಕರಾರು ಇವೆಲ್ಲ ಹೊಸದಾಗಿ ಹುಟ್ಟುತ್ತವೆ. ಪರಿಹಾರದ ಪಟ್ಟಿಯಿಂದ ಹೆಸರು ಬಿಟ್ಟುಹೋದ ಬಡವನು ಕಡೆಗೆ ಹೋಗಬೇಕಾದ ಬಾಗಿಲು ನ್ಯಾಯಾಲಯದ್ದೇ. ಆ ಬಾಗಿಲು ಮುಚ್ಚಿದ್ದರೆ ಅನ್ನ ಮತ್ತು ಆಸರೆಗಳೂ ಅವನಿಗೆ ದಕ್ಕುವುದು ಕಷ್ಟ.

6. ನಿರ್ವಹಣೆಯ ಕ್ರಮ

ಹಾಗಾದರೆ ಮಾಡತಕ್ಕದ್ದೇನು? ಮೇಲಿನ ಸಂಗತಿಗಳಿಂದ ನನಗೆ ಹೊಳೆಯುವ ಕೆಲವು ಅಂಶಗಳನ್ನು ಸಂಗ್ರಹವಾಗಿ ನಿವೇದಿಸುತ್ತೇನೆ.

ಮೊದಲನೆಯದಾಗಿ, ಪ್ರತಿ ನ್ಯಾಯಾಲಯಕ್ಕೂ ಒಂದು ಆಸ್ತಿವಹಿ ಇರಬೇಕು. ಕಟ್ಟಡದ ವಯಸ್ಸು, ಅಳತೆ, ಕಡೆಯ ಸಾರಿ ದುರಸ್ತಿಯಾದ ವರ್ಷ, ಪೀಠೋಪಕರಣ ಮತ್ತು ಯಂತ್ರಗಳ ಪಟ್ಟಿ, ಛಾಯಾಚಿತ್ರಗಳು ಇದರಲ್ಲಿದ್ದು ವರ್ಷಕ್ಕೊಮ್ಮೆ ತಿದ್ದಲ್ಪಡಬೇಕು. ಇದರ ಪ್ರತಿಯೊಂದು ಬೇರೆ ಊರಿನಲ್ಲಿರಬೇಕು. ಏನಿತ್ತೆಂದು ತೋರಿಸಲಾರದವನು ಏನು ಹೋಯಿತೆಂದು ತೋರಿಸಲಾರನು.

ಎರಡನೆಯದಾಗಿ, ಒಂದೊಂದು ಅನುದಾನಕ್ಕೂ ಒಂದೊಂದು ಲೆಕ್ಕವಿರಬೇಕು. ಹೊಸ ಕಟ್ಟಡದ ಹಣ, ಗಣಕೀಕರಣದ ಹಣ, ವಿಪತ್ತಿನ ದುರಸ್ತಿಯ ಹಣ ಒಂದೇ ವಹಿಯಲ್ಲಿ ಕಲೆತುಹೋದರೆ ಬಳಕೆ ಪ್ರಮಾಣಪತ್ರವನ್ನು ಬರೆಯುವುದು ಹೇಗೆ? ಈ ಕಾರ್ಯಕ್ಕೆ ತಕ್ಕ ಜನರೂ ಬೇಕು. ನ್ಯಾಯಾಲಯ ವ್ಯವಸ್ಥಾಪಕರೆಂಬ ಹುದ್ದೆಯನ್ನು 13ನೆಯ ಹಣಕಾಸು ಆಯೋಗವು ಯೋಚಿಸಿದುದು ನ್ಯಾಯಾಧೀಶರ ಮೇಲಿನ ಇಂಥ ಹೊರೆಯನ್ನು ಇಳಿಸುವುದಕ್ಕಾಗಿಯೇ.

ಮೂರನೆಯದಾಗಿ, ತುರ್ತು ಕೆಲಸಕ್ಕೆ ಕೈಯಲ್ಲಿ ರೊಕ್ಕವಿರಬೇಕು. ಸೋರುವ ಸೂರು ಟೆಂಡರಿನ ಅವಧಿಯನ್ನು ಕಾಯುವುದಿಲ್ಲ. 1999ರ ಕರ್ನಾಟಕದ ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆಯ ಅಧಿನಿಯಮವು ಪ್ರಕೃತಿ ವಿಕೋಪದ ಕಾಲದಲ್ಲಿ ಟೆಂಡರಿನಿಂದ ವಿನಾಯಿತಿ ಕೊಡುತ್ತದೆ. ವಿನಾಯಿತಿಯಿದ್ದರೂ ವೆಚ್ಚ ಮಾಡಲು ಹಣವಿಲ್ಲದಿದ್ದರೆ ಪ್ರಯೋಜನವಿಲ್ಲ. ಉಚ್ಚ ನ್ಯಾಯಾಲಯದ ಕೈಯಲ್ಲಿ ಮಿತವಾದ ಒಂದು ದುರಸ್ತಿ ನಿಧಿಯನ್ನಿಟ್ಟು, ಮಹಾಲೇಖಪಾಲರ ತನಿಖೆಗೆ ಅದನ್ನು ಒಳಪಡಿಸಿದರೆ ಸ್ವಾತಂತ್ರ್ಯವೂ ಉಳಿಯುವುದು, ಲೆಕ್ಕವೂ ಉಳಿಯುವುದು.

ನಾಲ್ಕನೆಯದಾಗಿ, ವಿಪತ್ತಿನ ನಿಧಿಯ ದುರಸ್ತಿ ಪಟ್ಟಿಯಲ್ಲಿ ಶಾಲೆ ಮತ್ತು ಆರೋಗ್ಯ ಕೇಂದ್ರಗಳ ಜೊತೆಗೆ ನ್ಯಾಯಾಲಯವನ್ನೂ ಹೆಸರಿಸಬೇಕು. ದಾಖಲೆಗಳನ್ನು ನೆಲಮಟ್ಟದಿಂದ ಮೇಲಂತಸ್ತಿಗೆ ಏರಿಸುವುದು, ಕಡತಗಳ ಗಣಕಪ್ರತಿಯನ್ನು ತೆಗೆಸುವುದು ಇವು ಅಲ್ಪವೆಚ್ಚದ ಕೆಲಸಗಳಲ್ಲದಿದ್ದರೂ ಅನಂತರದ ನಷ್ಟಕ್ಕಿಂತ ಅಗ್ಗ. ಇ-ನ್ಯಾಯಾಲಯ ಯೋಜನೆಯ ಮೂರನೆಯ ಹಂತದಲ್ಲಿ ಕಡತಗಳ ಗಣಕಪ್ರತಿಗೆ 2,038 ಕೋಟಿ ರೂಪಾಯಿಗಳಿಗೂ ಮೀರಿ ಇಟ್ಟುದು ಯೋಗ್ಯವಾದ ಕ್ರಮ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗಬಾರದು.

ಉಪಸಂಹಾರ

ನ್ಯಾಯಾಂಗದ ಕಟ್ಟಡಗಳಿಗೆ ರಾಷ್ಟ್ರಮಟ್ಟದ ಪ್ರಾಧಿಕಾರವೊಂದು ಬೇಕೆಂದು 2021ರಲ್ಲಿ ಮುಖ್ಯ ನ್ಯಾಯಮೂರ್ತಿಗಳು ಸೂಚಿಸಿದರು. 2022ರ ಏಪ್ರಿಲ್‌ನಲ್ಲಿ ನಡೆದ ಮುಖ್ಯಮಂತ್ರಿಗಳ ಮತ್ತು ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನದಲ್ಲಿ ಅದಕ್ಕೆ ಒಮ್ಮತ ದೊರೆಯಲಿಲ್ಲ. ರಾಜ್ಯಮಟ್ಟದ ಸಮಿತಿಗಳೇ ಸಾಕೆಂಬ ಅಭಿಪ್ರಾಯವು ಮೇಲಾಯಿತು. ಪ್ರಾಧಿಕಾರವು ದೆಹಲಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಹತೋಟಿ, ಹಣ, ಕೆಲಸ ಈ ಮೂರನ್ನೂ ಒಂದೆಡೆ ಕೂಡಿಸಿ ಹೊಣೆ ಹೊರುವ ಒಂದು ಸ್ಥಾನವಿರಬೇಕೆಂಬುದೇ ಮುಖ್ಯ. ಕಾನೂನಿನ ಮುಂದೆ ಎಲ್ಲರೂ ಸಮಾನರೆಂಬ 14ನೆಯ ಅನುಚ್ಛೇದವನ್ನು ನಾವು ಹೆಮ್ಮೆಯಿಂದ ಓದುತ್ತೇವೆ. ಕಾನೂನಿನ ಮುಂದೆ ನಿಲ್ಲಬೇಕಾದರೆ ನಿಲ್ಲಲು ಒಂದು ನೆನೆಯದ ಜಾಗ ಬೇಕು. ನಿಂತವನ ಕಡತವು ಉಳಿದಿರಬೇಕು. ನಮ್ಮಲ್ಲಿ ಹಲವರು ನಾಳೆ ಗುಮಾಸ್ತರಾಗಿ, ವಕೀಲರಾಗಿ, ಅಧಿಕಾರಿಗಳಾಗಿ ಇದೇ ಕಚೇರಿಗಳಲ್ಲಿ ಕುಳಿತುಕೊಳ್ಳುವವರು. ಅಂದು ಒಂದು ಬಳಕೆ ಪ್ರಮಾಣಪತ್ರವು ನಮ್ಮ ಮೇಜಿನ ಮೇಲೆ ಬಂದಾಗ, ಅದರ ಇನ್ನೊಂದು ತುದಿಯಲ್ಲಿ ಕೂಲಿ ಬಿಟ್ಟು ಬಂದ ಕಕ್ಷಿಗಾರನೊಬ್ಬನು ಕಾದಿರುವನೆಂಬುದನ್ನು ನೆನಪಿಟ್ಟು ಅದನ್ನು ಆ ದಿನವೇ ಕಳುಹಿಸಿದರೆ, ನಾವು ಇಲ್ಲಿ ಓದಿದ ರಾಜ್ಯಶಾಸ್ತ್ರವು ಸಾರ್ಥಕವಾದೀತು.